ಮೊಂಟೆ ಕಸಿನೊ: ಸೇನಾಪತಿಗಳ ಪ್ರತಿಷ್ಠೆ, ಸಿಪಾಯಿಗಳ ನೆತ್ತರು

ಎರಡನೆಯ ಮಹಾಯುದ್ಧ ಎಂದಾಗ ನಮಗೆ ನೆನಪಾಗುವುದು ಹಿಟ್ಲರ್, ಚರ್ಚಿಲ್, ಸ್ಟಾಲಿನ್‌ಗ್ರಾಡ್, ಹಿರೋಶಿಮಾ. ಭಾರತದ ಮಾತು ಬಂದರೆ ಬರ್ಮಾ ಮತ್ತು ಆಜಾದ್ ಹಿಂದ್ ಫೌಜ್. ಆದರೆ ಅದೇ ಯುದ್ಧದಲ್ಲಿ ಇಟಲಿಯ ಕಲ್ಲುಬೆಟ್ಟಗಳ ಮೇಲೆ ನಮ್ಮ ಉಪಖಂಡದ ಸಾವಿರಾರು ಸಿಪಾಯಿಗಳು ಮಡಿದರು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಪಂಜಾಬಿನ ಮುಸ್ಲಿಮರು, ಸಿಖ್ಖರು, ರಜಪೂತರು, ಜಾಟರು, ಪಠಾಣರು, ಗೂರ್ಖಾಗಳು ಅಲ್ಲಿದ್ದರು. ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ಲೈಟ್ ಇನ್‌ಫೆಂಟ್ರಿಯ ತುಕಡಿಗಳೂ ಇಟಲಿಯಲ್ಲಿ ಹೋರಾಡಿದವು. ಅವರ ಜೊತೆಗೆ ಮೊರಾಕೊ, ಅಲ್ಜೀರಿಯ, ಟುನೀಷಿಯಗಳ ಮುಸ್ಲಿಂ ಸೈನಿಕರು ಫ್ರಾನ್ಸಿನ ಬಾವುಟದಡಿ ಕಾದಿದರು.

ಅವರು ಹೋರಾಡಿದ್ದು ಹಿಟ್ಲರನ ಸೇನೆಯ ವಿರುದ್ಧ. ಆ ಸೇನೆ ಸೋಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಲ್ಲಿ ಎಷ್ಟು ಮಂದಿ ಜರ್ಮನರ ಬಲದಿಂದ ಸತ್ತರು, ಎಷ್ಟು ಮಂದಿ ತಮ್ಮದೇ ಸೇನಾಪತಿಗಳ ಹಠದಿಂದ ಸತ್ತರು ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ.

ಸಿಸಿಲಿಯಲ್ಲಿ ಶುರುವಾದ ಪೈಪೋಟಿ

1943ರ ಜುಲೈ 10ರಂದು ಮಿತ್ರರಾಷ್ಟ್ರಗಳ ಸೇನೆ ಸಿಸಿಲಿ ದ್ವೀಪದ ಮೇಲೆ ಇಳಿಯಿತು. ಬ್ರಿಟಿಷರ ಎಂಟನೇ ಸೇನೆಗೆ ಮಾಂಟ್ಗೊಮರಿ, ಅಮೆರಿಕದ ಏಳನೇ ಸೇನೆಗೆ ಪ್ಯಾಟನ್ ನಾಯಕರು. ಇಬ್ಬರ ಮೇಲೂ ಬ್ರಿಟಿಷ್ ಜನರಲ್ ಅಲೆಕ್ಸಾಂಡರ್. ಅಲೆಕ್ಸಾಂಡರ್ ಸಭ್ಯ ಮನುಷ್ಯ, ಧೈರ್ಯಶಾಲಿ. ಆದರೆ ಕೈಕೆಳಗಿನ ಹಟಮಾರಿಗಳಿಗೆ ಖಡಾಖಂಡಿತವಾಗಿ ಹುಕುಂ ಮಾಡುವ ಸ್ವಭಾವ ಅವರದಾಗಿರಲಿಲ್ಲ.

ಕಟಾನಿಯಾ ಊರಿನ ಮುಂದೆ ಮಾಂಟ್ಗೊಮರಿಯ ಸೇನೆ ಸಿಕ್ಕಿಬಿತ್ತು. ಆಗ ಅವರು ಅಮೆರಿಕನ್ನರಿಗೆಂದು ನಿಗದಿಯಾಗಿದ್ದ ರಸ್ತೆಯನ್ನೇ ತಮಗೆ ಕೇಳಿ ಪಡೆದುಕೊಂಡರು. ಅವಮಾನಿತರಾದ ಪ್ಯಾಟನ್ ಪಶ್ಚಿಮಕ್ಕೆ ತಿರುಗಿ, ಯುದ್ಧದ ದೃಷ್ಟಿಯಿಂದ ಅಷ್ಟೇನೂ ಮಹತ್ವವಿಲ್ಲದ ಪಲೆರ್ಮೊ ನಗರವನ್ನು ಜುಲೈ 22ರಂದು ಗೆದ್ದರು. ಆಮೇಲೆ ಮೆಸೀನಾ ಬಂದರಿನತ್ತ ಪೈಪೋಟಿಯ ಓಟ. ಆಗಸ್ಟ್ 17ರಂದು ಪ್ಯಾಟನ್ ಬ್ರಿಟಿಷರಿಗಿಂತ ಕೆಲವೇ ಗಂಟೆ ಮುಂಚೆ ಅಲ್ಲಿಗೆ ತಲುಪಿದರು. ಅಷ್ಟರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜರ್ಮನ್ ಮತ್ತು ಇಟಾಲಿಯನ್ ಸೈನಿಕರು ಮೂರೇ ಕಿಲೋಮೀಟರ್ ಅಗಲದ ಜಲಸಂಧಿಯನ್ನು ದಾಟಿ ಪಾರಾಗಿದ್ದರು. ಹಾಗೆ ತಪ್ಪಿಸಿಕೊಂಡವರಲ್ಲಿ ಜರ್ಮನರ ಒಂದನೇ ಪ್ಯಾರಾಚೂಟ್ ಡಿವಿಷನ್ ಕೂಡ ಇತ್ತು. ಮುಂದಿನ ವರ್ಷ ಕಸಿನೊ ಬೆಟ್ಟದಲ್ಲಿ ಭಾರತದ ಸಿಪಾಯಿಗಳ ಎದುರು ನಿಂತದ್ದು ಅದೇ ಡಿವಿಷನ್.

ಬೆಟ್ಟ ಮತ್ತು ಮಠ

1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತು. ಜರ್ಮನರು ಶರಣಾಗಲಿಲ್ಲ. ಅವರ ಸೇನಾಪತಿ ಕೆಸೆಲ್‌ರಿಂಗ್ ರೋಮಿನ ದಕ್ಷಿಣದಲ್ಲಿ, ಸಮುದ್ರದಿಂದ ಸಮುದ್ರದವರೆಗೆ, 'ಗುಸ್ತಾವ್ ಲೈನ್' ಎಂಬ ರಕ್ಷಣಾ ಸಾಲನ್ನು ಕಟ್ಟಿಸಿದ್ದರು. ರೋಮಿಗೆ ಹೋಗುವ ಆರನೇ ಹೆದ್ದಾರಿ ಲಿರಿ ನದಿಯ ಕಣಿವೆಯಲ್ಲಿ ಸಾಗುತ್ತದೆ. ಕಣಿವೆಯ ಬಾಗಿಲಿಗೆ ಕಾವಲು ನಿಂತಂತೆ ಮೊಂಟೆ ಕಸಿನೊ ಬೆಟ್ಟ. ಅದರ ನೆತ್ತಿಯ ಮೇಲೆ ಸಂತ ಬೆನೆಡಿಕ್ಟ್ ಆರನೇ ಶತಮಾನದಲ್ಲಿ ಸ್ಥಾಪಿಸಿದ ಕ್ರೈಸ್ತ ಮಠ.

ಆ ಮಠಕ್ಕೂ ಅರಬ್ ಜಗತ್ತಿಗೂ ಹಳೆಯ ಸಂಬಂಧವಿತ್ತು. 883ರಲ್ಲಿ ಅರಬ್ ದಾಳಿಕಾರರು ಅದನ್ನು ಸುಟ್ಟಿದ್ದರು. ಎರಡು ಶತಮಾನಗಳ ನಂತರ, ಇಂದಿನ ಟುನೀಷಿಯದ ಕಡೆಯಿಂದ ಬಂದ ಕಾನ್‌ಸ್ಟಂಟೈನ್ ಎಂಬ ವಿದ್ವಾಂಸ ಅದೇ ಮಠದಲ್ಲಿ ಕುಳಿತು ಅರಬ್ಬಿ ವೈದ್ಯ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ. ಯುರೋಪಿನ ವೈದ್ಯರು ಅವನ್ನು ಶತಮಾನಗಳ ಕಾಲ ಓದಿದರು. ಬೆಂಕಿ ಇಟ್ಟವರನ್ನೂ ಪುಸ್ತಕ ತಂದವರನ್ನೂ ಕಂಡಿದ್ದ ಬೆಟ್ಟ ಅದು.

ಮಿತ್ರಪಡೆಯ ಈ ಭಾಗದಲ್ಲಿ ಅಮೆರಿಕದ ಐದನೇ ಸೇನೆಯ ನಾಯಕ ಮಾರ್ಕ್ ಕ್ಲಾರ್ಕ್. ಚುರುಕಿನ, ಶ್ರಮಜೀವಿ ಅಧಿಕಾರಿ. ಆದರೆ ಪತ್ರಿಕೆಗಳಲ್ಲಿ ತಮ್ಮ ಹೆಸರು ಹೇಗೆ ಬರುತ್ತದೆ, ಫೋಟೊ ಯಾವ ಕಡೆಯಿಂದ ತೆಗೆಯುತ್ತಾರೆ ಎಂಬುದರ ಬಗ್ಗೆಯೂ ಅಷ್ಟೇ ಕಾಳಜಿ. ಉರ್ದುವಿನಲ್ಲಿ ಇದಕ್ಕೆ 'ಅನಾ' ಎನ್ನುತ್ತಾರೆ. ತನ್ನ ದೊಡ್ಡಸ್ತಿಕೆಯ ಆಚೆಗೆ ಏನೂ ಕಾಣದ ಅಹಂಭಾವ ಅದು. ಬ್ರಿಟಿಷರು ತಮ್ಮ ಕೀರ್ತಿಯನ್ನು ಕಸಿದುಕೊಳ್ಳುತ್ತಾರೆಂಬ ಗುಮಾನಿ ಕ್ಲಾರ್ಕ್‌ರನ್ನು ಸದಾ ಕಾಡುತ್ತಿತ್ತು.

1944ರ ಜನವರಿ 20ರಿಂದ 22ರವರೆಗೆ ಅವರ ಆದೇಶದಂತೆ ಟೆಕ್ಸಾಸಿನ 36ನೇ ಡಿವಿಷನ್ ರಪಿಡೊ ನದಿಯನ್ನು ದಾಟಲು ಹೋಯಿತು. ಇದು ಆಗದ ಕೆಲಸವೆಂದು ಡಿವಿಷನ್ನಿನ ಮುಖ್ಯಸ್ಥ ವಾಕರ್ ನಂಬಿದ್ದರು. ಎರಡು ದಿನಗಳಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 1,700. ಜನವರಿ 22ರಂದು ಜರ್ಮನರ ಬೆನ್ನ ಹಿಂದೆ, ಆನ್ಸಿಯೊ ತೀರದಲ್ಲಿ, ಇನ್ನೊಂದು ಪಡೆ ಇಳಿಯಿತು. ಆರಂಭದಲ್ಲಿ ಅಲ್ಲಿ ಹೆಚ್ಚಿನ ಪ್ರತಿರೋಧವೇ ಇರಲಿಲ್ಲ. ಆದರೂ ಅದರ ನಾಯಕ ಲೂಕಸ್ ಮುನ್ನುಗ್ಗದೆ ತೀರವನ್ನು ಭದ್ರಪಡಿಸುತ್ತ ಕುಳಿತರು. ಅತಿಯಾಗಿ ಸಾಹಸ ಮಾಡಬೇಡ ಎಂದು ಅವರಿಗೆ ಹೇಳಿದ್ದವರು ಕ್ಲಾರ್ಕ್ ಅವರೇ. ಜರ್ಮನರು ಬಂದು ಸುತ್ತುವರಿದರು. ಒಂದು ತಿಂಗಳಲ್ಲಿ ಲೂಕಸ್ ಹುದ್ದೆ ಕಳೆದುಕೊಂಡರು. ಈಗ ಆನ್ಸಿಯೊದಲ್ಲಿ ಸಿಕ್ಕಿಬಿದ್ದವರನ್ನು ಉಳಿಸಲು ಕಸಿನೊವನ್ನು ಬೇಗ ಗೆಲ್ಲಲೇಬೇಕೆಂಬ ಒತ್ತಡ ಹುಟ್ಟಿತು.

ಇಬ್ಬರ ಸಲಹೆ, ಯಾರೂ ಕೇಳಲಿಲ್ಲ

ಆ ಹೊತ್ತಿನಲ್ಲಿ ಬೆಟ್ಟಗಳನ್ನು ಬಲ್ಲ ಇಬ್ಬರು ಸೇನಾಪತಿಗಳು ಅಲ್ಲಿದ್ದರು. ಒಬ್ಬರು ನಾಲ್ಕನೇ ಭಾರತೀಯ ಡಿವಿಷನ್ನಿನ ಫ್ರಾನ್ಸಿಸ್ ಟಕರ್. ಗೂರ್ಖಾ ಪಡೆಯಿಂದ ಬಂದವರು. ಇನ್ನೊಬ್ಬರು ಫ್ರೆಂಚ್ ಪಡೆಯ ಅಲ್ಫೋನ್ಸ್ ಜುವಾನ್. ಅಲ್ಜೀರಿಯದಲ್ಲಿ ಹುಟ್ಟಿದ ಪೊಲೀಸನ ಮಗ. ಮೊದಲ ಮಹಾಯುದ್ಧದಲ್ಲಿ ಬಲಗೈ ಊನವಾದ್ದರಿಂದ ಎಡಗೈಯಲ್ಲಿ ಸಲಾಂ ಮಾಡುತ್ತಿದ್ದರು. ಮೊರಾಕೊದ ಪರ್ವತಗಳಲ್ಲಿ ವರ್ಷಗಟ್ಟಲೆ ಕಾದಾಡಿದ ಅನುಭವ ಅವರಿಗಿತ್ತು.

ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದು ಒಂದೇ ಮಾತು. ಕೋಟೆಯಂಥ ಬೆಟ್ಟಕ್ಕೆ ಎದುರಿನಿಂದ ತಲೆ ಚಚ್ಚಿಕೊಳ್ಳಬೇಡಿ. ಪಕ್ಕದ ಪರ್ವತಗಳಲ್ಲಿ ಬಳಸಿಕೊಂಡು ಹೋಗಿ ಶತ್ರುವಿನ ಹಿಂದೆ ಇಳಿಯಿರಿ. ಜನವರಿ ಕೊನೆಯಲ್ಲಿ ಜುವಾನ್ ಅವರ ಟುನೀಷಿಯನ್ ಸೈನಿಕರು ಅಪಾರ ನಷ್ಟ ಸಹಿಸಿ ಬೆಲ್ವೆಡೆರೆ ಎಂಬ ಎತ್ತರದ ಜಾಗವನ್ನು ಹಿಡಿದು ಇದು ಸಾಧ್ಯವೆಂದು ತೋರಿಸಿಕೊಟ್ಟರು. ಅವರಿಗೆ ಬೆಂಬಲವಾಗಿ ಸಾಕಷ್ಟು ಪಡೆ ಬರಲಿಲ್ಲ.

ಕೇಳದಿರಲು ಕಾರಣಗಳಿದ್ದವು. 1940ರಲ್ಲಿ ಸೋತ ಫ್ರಾನ್ಸಿನ ಮಾತಿಗೆ ಆ ಸಭೆಗಳಲ್ಲಿ ತೂಕ ಕಡಿಮೆ. ಕ್ಲಾರ್ಕ್ ಕೈಕೆಳಗೆ ಕೆಲಸ ಮಾಡಲೆಂದು ಜುವಾನ್ ತಮ್ಮ ಪದವಿಯನ್ನೇ ಒಂದು ಮೆಟ್ಟಿಲು ಇಳಿಸಿಕೊಂಡಿದ್ದರು. ಇನ್ನು ಟಕರ್ ಅವರ ಮೇಲಧಿಕಾರಿ ನ್ಯೂಜಿಲೆಂಡಿನ ಫ್ರೈಬರ್ಗ್. ಮೊದಲ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಗೆದ್ದ ವೀರ. ಆದರೆ ನೇರ ದಾಳಿಯಿಂದ ಆಚೆಗೆ ಅವರ ಯೋಚನೆ ಹೋಗಲಿಲ್ಲ. ಅವರು ತಮ್ಮ ದೇಶದ ಸರಕಾರಕ್ಕೆ ನೇರವಾಗಿ ಉತ್ತರ ಕೊಡುವವರು. ಹಾಗಾಗಿ ಅವರ ಮೇಲೆ ಬಲವಂತ ಮಾಡಲು ಕ್ಲಾರ್ಕ್ ಹಿಂಜರಿದರು.

ನೇರ ದಾಳಿಯೇ ಆಗಬೇಕೆಂದಾದರೆ ಮೊದಲು ಮಠವನ್ನು ಕೆಡವಬೇಕು ಎಂದು ಟಕರ್ ಪಟ್ಟು ಹಿಡಿದರು. ಅವರು ನೇಪಲ್ಸಿನ ಪುಸ್ತಕದಂಗಡಿಯಲ್ಲಿ ಹುಡುಕಿ ತೆಗೆದ 1879ರ ಒಂದು ಪುಸ್ತಕದಲ್ಲಿ ಮಠದ ಗೋಡೆಗಳು ಬುಡದಲ್ಲಿ ಹತ್ತಡಿ ದಪ್ಪ ಇವೆಯೆಂಬ ವಿವರವಿತ್ತು. ಅಷ್ಟರಲ್ಲಿ ಕಾಯಿಲೆ ಬಿದ್ದು ಅವರು ಆಸ್ಪತ್ರೆ ಸೇರಿದರು. ಬಳಸಿಕೊಂಡು ಹೋಗಿ ಎಂಬ ಅವರ ಮೊದಲ ಸಲಹೆಯನ್ನು ಬದಿಗಿಟ್ಟು, ಬಾಂಬು ಹಾಕಿ ಎಂಬ ಎರಡನೇ ಸಲಹೆಯನ್ನು ಮಾತ್ರ ಮೇಲಿನವರು ಎತ್ತಿಕೊಂಡರು. ಕ್ಲಾರ್ಕ್‌ಗೆ ಇದು ಇಷ್ಟವಿರಲಿಲ್ಲ. ಫ್ರೈಬರ್ಗ್ ಕೇಳಿದರು, ಅಲೆಕ್ಸಾಂಡರ್ ಒಪ್ಪಿದರು.

1944ರ ಫೆಬ್ರವರಿ 15ರ ಬೆಳಗ್ಗೆ ಇನ್ನೂರಕ್ಕೂ ಹೆಚ್ಚು ಬಾಂಬರ್ ವಿಮಾನಗಳು ಮಠವನ್ನು ಪುಡಿಗಟ್ಟಿದವು. ಒಳಗೆ ಜರ್ಮನ್ ಸೈನಿಕರಿರಲಿಲ್ಲ. ಇದ್ದದ್ದು ವೃದ್ಧ ಮಠಾಧಿಪತಿ, ಕೆಲವು ಸನ್ಯಾಸಿಗಳು ಮತ್ತು ಆಶ್ರಯ ಪಡೆದಿದ್ದ ನೂರಾರು ಬಡ ಜನರು. ಬಹಳಷ್ಟು ಜನ ಸತ್ತರು. ಮಠದ ಗ್ರಂಥಭಂಡಾರ ಹಿಂದಿನ ವರ್ಷವೇ ರೋಮಿಗೆ ಸಾಗಿದ್ದರಿಂದ ಉಳಿಯಿತು.

ಇನ್ನೂ ದುರಂತವೆಂದರೆ, ಬಾಂಬು ಬೀಳುವುದು ಅಂದೇ ಎಂದು ಭಾರತೀಯ ಡಿವಿಷನ್ನಿಗೆ ಸರಿಯಾಗಿ ತಿಳಿದೇ ಇರಲಿಲ್ಲ. ಹವಾಮಾನ ಚೆನ್ನಾಗಿದೆಯೆಂದು ವಾಯುಪಡೆ ಒಂದು ದಿನ ಮುಂಚೆಯೇ ಬಂದಿತ್ತು. ಕೆಲವು ಬಾಂಬುಗಳು ನಮ್ಮ ಸಿಪಾಯಿಗಳ ಮೇಲೂ ಬಿದ್ದವು. ದಾಳಿಗೆ ಡಿವಿಷನ್ ಸಜ್ಜಾಗುವ ಮೊದಲೇ ಜರ್ಮನರು ಮಠದ ಭಗ್ನಾವಶೇಷದೊಳಗೆ ಹೊಕ್ಕು ಕುಳಿತರು. ನಿಂತ ಕಟ್ಟಡಕ್ಕಿಂತ ಬಿದ್ದ ಕಲ್ಲುರಾಶಿಯೇ ಅವರಿಗೆ ಒಳ್ಳೆಯ ಕೋಟೆಯಾಯಿತು. ಫೆಬ್ರವರಿ 17ರ ರಾತ್ರಿ ರಜಪೂತಾನಾ ರೈಫಲ್ಸಿನ ಒಂದು ಬೆಟಾಲಿಯನ್ 593 ಮೀಟರ್ ಎತ್ತರದ ಗುಡ್ಡಕ್ಕೆ ಏರಿತು. ಸುಮಾರು 200 ಮಂದಿಯನ್ನು ಕಳೆದುಕೊಂಡಿತು. ಗೂರ್ಖಾಗಳು ಮುಳ್ಳುಪೊದೆಗಳಲ್ಲಿ ಹುದುಗಿದ್ದ ನೆಲಬಾಂಬು ಮತ್ತು ತಂತಿಗೆ ಸಿಕ್ಕಿ ಸತ್ತರು. ಅನ್ನ, ನೀರು, ಗುಂಡು ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೆ ರಾತ್ರಿ ಮಾತ್ರ ಮೇಲೆ ಬರಬೇಕಿತ್ತು.

ಮಾರ್ಚ್ 15ರಂದು ಮತ್ತೆ ಅದೇ ರೀತಿ. ಈ ಸಲ ಬಾಂಬು ಬಿದ್ದದ್ದು ಕಸಿನೊ ಪಟ್ಟಣದ ಮೇಲೆ. ಬಾಂಬಿನ ಗುಂಡಿಗಳಲ್ಲಿ ತಮ್ಮದೇ ಟ್ಯಾಂಕುಗಳು ಹೂತವು. ಗೂರ್ಖಾಗಳು ಮಠದ ಬುಡದಲ್ಲಿದ್ದ ಒಂದು ದಿಬ್ಬವನ್ನು ಒಂದು ವಾರಕ್ಕೂ ಹೆಚ್ಚು ಕಾಲ ಹಿಡಿದುಕೊಂಡಿದ್ದು, ಕೊನೆಗೆ ಹಿಂದೆ ಬರಬೇಕಾಯಿತು. ಈ ಎರಡು ದಾಳಿಗಳಲ್ಲಿ ನಾಲ್ಕನೇ ಭಾರತೀಯ ಡಿವಿಷನ್ ಸುಮಾರು 3,000 ಮಂದಿಯನ್ನು ಕಳೆದುಕೊಂಡಿತು.

ಕೊನೆಗೂ ಪರ್ವತದ ದಾರಿ

ಮೇ ತಿಂಗಳ ಹೊತ್ತಿಗೆ ಮಿತ್ರಪಡೆಗೆ ಬುದ್ಧಿ ಬಂದಿತ್ತು. ಸೇನೆಗಳನ್ನು ಒಟ್ಟುಗೂಡಿಸಿ ದೊಡ್ಡ ಯೋಜನೆ ಹಾಕಲಾಯಿತು. ಜುವಾನ್ ಈ ಬಾರಿ ದಕ್ಷಿಣದ ಔರುಂಚಿ ಪರ್ವತಗಳ ಮೂಲಕ ಹೋಗಲು ಬಿಡಿ ಎಂದು ವಾದಿಸಿದರು. ಅಲ್ಲಿ ರಸ್ತೆಗಳೇ ಇಲ್ಲವೆಂದು ಜರ್ಮನರು ಕಾವಲು ಕಡಿಮೆ ಇಟ್ಟಿದ್ದರು. ಕ್ಲಾರ್ಕ್ ಒಪ್ಪಿದರು, ಅದರ ಶ್ರೇಯ ಅವರಿಗೆ ಸಲ್ಲಬೇಕು.

ಮೇ 11ರ ರಾತ್ರಿ ದಾಳಿ ಶುರುವಾಯಿತು. 13ರಂದು ಮೊಂಟೆ ಮಾಯೊ ಶಿಖರ ಫ್ರೆಂಚ್ ಪಡೆಯ ವಶವಾಯಿತು. ಮೊರಾಕೊದ ಗುಡ್ಡಗಾಡಿನ 'ಗೂಮ್' ಸೈನಿಕರು ಹೇಸರಗತ್ತೆಗಳೊಂದಿಗೆ ಪರ್ವತಗಳನ್ನು ದಾಟಿ ಜರ್ಮನರ ಪಕ್ಕೆಗೆ ಬಂದರು. ಕಣಿವೆಯಲ್ಲಿ ಎಂಟನೇ ಭಾರತೀಯ ಡಿವಿಷನ್ ನದಿ ದಾಟಿತು; ಅಲ್ಲಿ ಪಂಜಾಬ್ ರೆಜಿಮೆಂಟಿನ 19ರ ಹುಡುಗ ಕಮಲ್ ರಾಮ್ ವಿಕ್ಟೋರಿಯಾ ಕ್ರಾಸ್ ಗಳಿಸಿದ. ಪೋಲೆಂಡಿನ ಸೈನಿಕರು ಮಠದ ಬೆಟ್ಟದ ಮೇಲೆ ಒಂಬೈನೂರಕ್ಕೂ ಹೆಚ್ಚು ಜನರನ್ನು ಬಲಿಕೊಟ್ಟು ಮೇ 18ರಂದು ಅಲ್ಲಿ ಬಾವುಟ ಹಾರಿಸಿದರು. ಸುತ್ತುವರಿಯುವ ಭಯದಿಂದ ಜರ್ಮನರು ಅಷ್ಟರಲ್ಲಿ ಹಿಂದೆ ಸರಿಯತೊಡಗಿದ್ದರು. ನಾಲ್ಕು ತಿಂಗಳಲ್ಲಿ ಆಗದ್ದು ಒಂದು ವಾರದಲ್ಲಿ ಆಯಿತು. ಚಳಿಗಾಲ ಮುಗಿದಿತ್ತು, ಬಲವೂ ಹೆಚ್ಚಿತ್ತು, ನಿಜ. ಆದರೆ ದಾರಿ ಮಾತ್ರ ಆ ಇಬ್ಬರು ಹೇಳಿದ ರೀತಿಯದೇ.

ಇಲ್ಲೊಂದು ಕಹಿ ಸತ್ಯವನ್ನೂ ಹೇಳಬೇಕು. ಈ ಗೆಲುವಿನ ಬೆನ್ನಿಗೇ ಎಸ್ಪೆರಿಯಾ ಮುಂತಾದ ಬೆಟ್ಟದೂರುಗಳಲ್ಲಿ ಮೊರಾಕೊದ ಸೈನಿಕರಲ್ಲಿ ಅನೇಕರು ಹೆಂಗಸರ ಮೇಲೆ ಅತ್ಯಾಚಾರ ನಡೆಸಿದರು. ಕೆಲವರ ವಿಚಾರಣೆ ನಡೆದು ಶಿಕ್ಷೆಯಾಯಿತು. ಬಹುಪಾಲು ಹೆಂಗಸರಿಗೆ ನ್ಯಾಯ ಸಿಗಲಿಲ್ಲ. ಅಪರಾಧಿಗಳು ಮುಸ್ಲಿಂ ಹೆಸರಿನವರು ಎಂದು ನಾವಿದನ್ನು ಮುಚ್ಚಿಡಬಾರದು. ಅವರನ್ನು ಹಿಡಿತದಲ್ಲಿಡಬೇಕಿದ್ದ ಫ್ರೆಂಚ್ ಅಧಿಕಾರಿಗಳ ಹೊಣೆಯನ್ನೂ ಮರೆಯಬಾರದು. ಅನ್ಯಾಯಕ್ಕೊಳಗಾದ ಹೆಣ್ಣಿನ ಕಣ್ಣೀರಿಗೆ ಪಕ್ಷವಿಲ್ಲ.

ರೋಮಿನ ಆಸೆ

ಮೇ 23ರಂದು ಆನ್ಸಿಯೊದ ಪಡೆಯೂ ಹೊರನುಗ್ಗಿತು. ಅಲೆಕ್ಸಾಂಡರ್ ಅವರ ಆದೇಶ ಸ್ಪಷ್ಟವಾಗಿತ್ತು. ವಾಲ್ಮೊಂಟೋನೆ ಊರಿಗೆ ಹೋಗಿ ಆರನೇ ಹೆದ್ದಾರಿಯನ್ನು ಕತ್ತರಿಸಬೇಕು. ಕಸಿನೊದಿಂದ ಹಿಮ್ಮೆಟ್ಟುತ್ತಿರುವ ಜರ್ಮನರ ಹತ್ತನೇ ಸೇನೆ ಬಲೆಗೆ ಬೀಳಬೇಕು. ಮೇ 25ರಂದು, ಗುರಿ ಕಣ್ಣಳತೆಯಲ್ಲಿದ್ದಾಗ, ಕ್ಲಾರ್ಕ್ ತಮ್ಮ ಪಡೆಯ ಮುಖ್ಯಭಾಗವನ್ನು ಎಡಕ್ಕೆ, ರೋಮಿನ ಕಡೆಗೆ, ತಿರುಗಿಸಿದರು. ಲೂಕಸ್ ಜಾಗಕ್ಕೆ ಬಂದಿದ್ದ ಟ್ರಸ್ಕಾಟ್ ಆದೇಶ ಕೇಳಿ ದಂಗಾದರು, ಪ್ರತಿಭಟಿಸಿದರು. ಅಲೆಕ್ಸಾಂಡರ್‌ಗೆ ವಿಷಯ ಮುಟ್ಟಿದ್ದು ಮರುದಿನ, ಎಲ್ಲ ಮುಗಿದ ಮೇಲೆ.

ಬ್ರಿಟಿಷರಿಗಿಂತ ಮೊದಲು ರೋಮ್ ತಲುಪಬೇಕೆಂಬ ಆಸೆಯನ್ನು ಕ್ಲಾರ್ಕ್ ಯುದ್ಧಾನಂತರ ತಮ್ಮ ಆತ್ಮಕಥನದಲ್ಲಿಯೂ ಮುಚ್ಚಿಡಲಿಲ್ಲ. ಹೆದ್ದಾರಿ ಕತ್ತರಿಸಿದ್ದರೂ ಜರ್ಮನರಿಗೆ ಬೇರೆ ದಾರಿಗಳಿದ್ದವು, ಎಲ್ಲರೂ ಸಿಕ್ಕಿಬೀಳುತ್ತಿರಲಿಲ್ಲ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಇರಬಹುದು. ಆದರೆ ಕ್ಲಾರ್ಕ್ ಆ ಲೆಕ್ಕದ ಮೇಲೆ ಮಾತ್ರ ದಾರಿ ಬದಲಿಸಲಿಲ್ಲ ಎಂಬುದು ಅವರ ಬರಹದಿಂದಲೇ ಸ್ಪಷ್ಟ. ಜೂನ್ 4ರಂದು ಅವರ ಸೇನೆ ರೋಮ್ ಪ್ರವೇಶಿಸಿತು. ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ಮಿತ್ರಪಡೆ ಇಳಿದು ಜಗತ್ತಿನ ಪತ್ರಿಕೆಗಳ ಮುಖಪುಟವೆಲ್ಲ ಅತ್ತ ತಿರುಗಿತು. ಎರಡು ದಿನದ ಸುದ್ದಿಗಾಗಿ ಬಿಟ್ಟುಕೊಟ್ಟ ಜರ್ಮನ್ ಸೇನೆ ಉತ್ತರದಲ್ಲಿ ಮತ್ತೆ ಸಾಲು ಕಟ್ಟಿತು. ಇಟಲಿಯಲ್ಲಿ ಯುದ್ಧ ಮುಗಿದದ್ದು 1945ರ ಮೇ 2ರಂದು. ಆ ಹನ್ನೊಂದು ತಿಂಗಳಲ್ಲಿ ಭಾರತದ ಎಷ್ಟೋ ಮನೆಗಳಿಗೆ ತಂತಿ ಬಂತು.

ಲೆಕ್ಕಕ್ಕೆ ಸಿಗದವರು

ಕಸಿನೊದ ನಾಲ್ಕು ಕದನಗಳಲ್ಲಿ ಸತ್ತ, ಗಾಯಗೊಂಡ ಮಿತ್ರಪಡೆಯವರ ಸಂಖ್ಯೆ ಸುಮಾರು 55,000 ಎನ್ನುತ್ತಾರೆ. ಅಲ್ಲಿ ಹೋರಾಡಿ ಬದುಕುಳಿದವರಲ್ಲಿ ಅಹ್ಮದ್ ಬೆನ್ ಬೆಲ್ಲಾ ಒಬ್ಬರು. ಇಟಲಿಯ ಶೌರ್ಯಕ್ಕಾಗಿ ಅವರಿಗೆ ಫ್ರಾನ್ಸಿನ ಪದಕ ಸಿಕ್ಕಿತು. 1945ರ ಮೇ 8ರಂದು ಯುರೋಪು ವಿಜಯೋತ್ಸವ ಆಚರಿಸುತ್ತಿದ್ದಾಗ ಅಲ್ಜೀರಿಯದ ಸೆತೀಫ್‌ನಲ್ಲಿ ಸ್ವಾತಂತ್ರ್ಯ ಕೇಳಿ ಮೆರವಣಿಗೆ ಹೊರಟವರ ಮೇಲೆ ಗುಂಡು ಹಾರಿತು. ನಂತರದ ವಾರಗಳಲ್ಲಿ ಸಾವಿರಾರು ಜನರನ್ನು ಕೊಲ್ಲಲಾಯಿತು. ಫ್ರಾನ್ಸಿನ ಪದಕ ಪಡೆದ ಬೆನ್ ಬೆಲ್ಲಾ ಮುಂದೆ ಅದೇ ಫ್ರಾನ್ಸಿನ ವಿರುದ್ಧದ ಹೋರಾಟದ ನಾಯಕರಾಗಿ, ಸ್ವತಂತ್ರ ಅಲ್ಜೀರಿಯದ ಮೊದಲ ಅಧ್ಯಕ್ಷರಾದರು.

ಜುವಾನ್ 1952ರಲ್ಲಿ ಫ್ರಾನ್ಸಿನ ಮಾರ್ಷಲ್ ಆದರು. ಅವರಿಗೆ ಆ ಗೆಲುವನ್ನು ತಂದುಕೊಟ್ಟ ಸಿಪಾಯಿಗಳ ಪಿಂಚಣಿಯನ್ನು, ಅವರ ದೇಶಗಳು ಸ್ವತಂತ್ರವಾದವೆಂಬ ಕಾರಣಕ್ಕೆ, ಹಳೆಯ ದರದಲ್ಲೇ ಫ್ರಾನ್ಸ್ ನಿಲ್ಲಿಸಿಬಿಟ್ಟಿತು. ಜೊತೆಗೆ ನಿಂತು ಗುಂಡು ತಿಂದ ಫ್ರೆಂಚ್ ಸೈನಿಕನಿಗೆ ಸಿಗುತ್ತಿದ್ದುದರ ಸಣ್ಣ ಪಾಲು ಮಾತ್ರ ಅವರಿಗೆ. 2006ರಲ್ಲಿ ರಶೀದ್ ಬುಶಾರೆಬ್ ಈ ಸೈನಿಕರ ಬಗ್ಗೆ ಸಿನಿಮಾ ತೆಗೆದ ಮೇಲೆ ಸರಕಾರ ನಾಚಿಕೊಂಡು ದರ ಸರಿಪಡಿಸಲು ತೊಡಗಿತು. ಅಷ್ಟರಲ್ಲಿ ಅರವತ್ತು ವರ್ಷ ಕಳೆದಿತ್ತು. ಬಹುಪಾಲು ಸಿಪಾಯಿಗಳು ತೀರಿಕೊಂಡಿದ್ದರು.

ಕಸಿನೊ ಬೆಟ್ಟದ ಕೆಳಗೆ ಕಾಮನ್‌ವೆಲ್ತ್ ಸೈನಿಕರ ಸ್ಮಶಾನವಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ಸಮಾಧಿಗಳು. ಅಲ್ಲಿ ಮಣ್ಣಾದ ಭಾರತದ ಸಿಪಾಯಿಗಳಿದ್ದಾರೆ. ಚಿತೆಗೆ ಸಂದವರ ಹೆಸರುಗಳನ್ನು ಬೇರೆಯಾಗಿ ಕೆತ್ತಿದ್ದಾರೆ. ಅವರ ಹಳ್ಳಿಗಳು ಈಗ ಭಾರತ, ಪಾಕಿಸ್ತಾನ, ನೇಪಾಳಗಳಲ್ಲಿ ಹಂಚಿಹೋಗಿವೆ. ತಲೆಯೆತ್ತಿದರೆ ಯುದ್ಧದ ನಂತರ ಮತ್ತೆ ಕಟ್ಟಿದ ಮಠ ಕಾಣುತ್ತದೆ. ರೋಮಿಗೆ ಮೊದಲು ಹೋದವರು ಯಾರು ಎಂಬುದು ಅಲ್ಲಿ ಮಲಗಿರುವ ಯಾರ ಪ್ರಶ್ನೆಯೂ ಆಗಿರಲಿಲ್ಲ.