ಕ್ಷಯ ನಿಯಂತ್ರಣ: ಜಗತ್ತಿಗೆ ಪಾಠ ಕಲಿಸಿದ ತುಮಕೂರು ಜಿಲ್ಲೆ

ಕ್ಷಯರೋಗ ನಿಯಂತ್ರಣದ ಇತಿಹಾಸದಲ್ಲಿ ತುಮಕೂರು ಜಿಲ್ಲೆಗೆ ವಿಶಿಷ್ಟ ಸ್ಥಾನವಿದೆ. 1960ರ ದಶಕದ ಆರಂಭದಲ್ಲಿ ಈ ಜಿಲ್ಲೆಯಲ್ಲಿ ನಡೆದ ಎರಡು ಅಧ್ಯಯನಗಳು ಭಾರತದ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ತಳಹದಿಯಾದವು. ರೋಗಿಯನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೆ ಅವು ಅನಿರೀಕ್ಷಿತವಾದ ಉತ್ತರ ನೀಡಿದವು.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಸಾರ್ವಜನಿಕ ಆರೋಗ್ಯವು ರಾಷ್ಟ್ರಗಳ ಜಂಟಿ ಹೊಣೆಯಾಯಿತು. 1946ರಲ್ಲಿ ಯುನಿಸೆಫ್, 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡವು. ಭಾರತದಲ್ಲಿ ಬಿಸಿಜಿ ಲಸಿಕೆ ಆರಂಭವಾದದ್ದೂ 1948ರಲ್ಲೇ. 1956ರಲ್ಲಿ ಮದರಾಸಿನಲ್ಲಿ ಭಾರತೀಯ ಹಾಗೂ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಗಳು ವಿಶ್ವ ಆರೋಗ್ಯ ಸಂಸ್ಥೆಯೊಡನೆ ಕೈಗೊಂಡ ಪ್ರಯೋಗವು, ಮನೆಯಲ್ಲೇ ಔಷಧಿ ಸೇವಿಸಿದವರೂ ಸ್ಯಾನಟೋರಿಯಂ ರೋಗಿಗಳಷ್ಟೇ ಗುಣ ಹೊಂದುತ್ತಾರೆಂದು ತೋರಿಸಿತು. ಹಾಸಿಗೆಗಳ ಕೊರತೆ ಇನ್ನು ಮುಖ್ಯ ಅಡ್ಡಿಯಾಗಿರಲಿಲ್ಲ. ರೋಗಿಗಳನ್ನು ಪತ್ತೆ ಹಚ್ಚುವುದೇ ಸವಾಲಾಗಿ ಉಳಿಯಿತು.

ಈ ಸವಾಲಿಗೆ ಪರಿಹಾರ ಕಂಡುಕೊಳ್ಳಲು ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ತೆರೆಯಿತು. ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳು ಅಲ್ಲಿ ಒಟ್ಟಾಗಿ ದುಡಿದರು.

ಸಮೀಕ್ಷೆ

ಸಂಸ್ಥೆಯ ಮೊದಲ ದೊಡ್ಡ ಸಮೀಕ್ಷೆಗಳಲ್ಲೊಂದು 1960-61ರಲ್ಲಿ ಆಗಿನ ಮೈಸೂರು ರಾಜ್ಯದ ತುಮಕೂರು ಜಿಲ್ಲೆಯಲ್ಲಿ ನಡೆಯಿತು. ರಾಜ್ ನಾರಾಯಣ್, ಎ. ಗೇಸರ್ ಮತ್ತು ಸಹೋದ್ಯೋಗಿಗಳು ಯಾದೃಚ್ಛಿಕವಾಗಿ ಆರಿಸಿದ ಹಳ್ಳಿಗಳಲ್ಲಿ ಜನರಿಗೆ ಟ್ಯುಬರ್ಕ್ಯುಲಿನ್ ಪರೀಕ್ಷೆ ನಡೆಸಿ, ಸಂಚಾರಿ ಎಕ್ಸ್-ರೇ ಘಟಕದಿಂದ ಎದೆಯ ಚಿತ್ರ ತೆಗೆದು, ಸಂಶಯವಿದ್ದವರ ಕಫವನ್ನು ಪರೀಕ್ಷಿಸಿದರು. ಪ್ರತಿ 1,000 ಜನರಲ್ಲಿ ಸುಮಾರು 4 ಮಂದಿಯ ಕಫದಲ್ಲಿ ಕ್ಷಯದ ರೋಗಾಣು ಕಂಡುಬಂತು.

ಇದಕ್ಕೆ ಪೂರಕವಾಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 34 ಹಳ್ಳಿ ಹಾಗೂ 4 ಪಟ್ಟಣ ವಿಭಾಗಗಳಲ್ಲಿ ಜನರನ್ನು ಸಂದರ್ಶಿಸಿದರು. ಗ್ರಾಮೀಣರು ಅಜ್ಞಾನದಿಂದ ರೋಗವನ್ನು ಕಡೆಗಣಿಸುತ್ತಾರೆ ಎಂಬುದು ಅಂದಿನ ನಂಬಿಕೆಯಾಗಿತ್ತು. ಫಲಿತಾಂಶ ಅದನ್ನು ಹುಸಿಗೊಳಿಸಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಧುನಿಕ ವೈದ್ಯಪದ್ಧತಿಯ ಆಸ್ಪತ್ರೆಗಳಿಗೆ ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧಿಯ ಒಂದು ಬಾಟಲಿ ಮಾತ್ರ. ಲೋಪವಿದ್ದದ್ದು ರೋಗಿಯಲ್ಲಲ್ಲ, ಆಸ್ಪತ್ರೆಯಲ್ಲಿ. 1963ರಲ್ಲಿ ಈ ಎರಡೂ ಅಧ್ಯಯನಗಳು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದವು.

ಪರಿಣಾಮ

1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ಇದೇ ತತ್ವವನ್ನು ಅನುಸರಿಸಿತು. ಸಾಮಾನ್ಯ ಆಸ್ಪತ್ರೆಗೆ ತಾನಾಗಿ ಬರುವ ಕೆಮ್ಮಿನ ರೋಗಿಯ ಕಫವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಔಷಧಿಯನ್ನು ಮನೆಗೇ ಕೊಡಬೇಕು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿಯೂ ಸಂಚಾರಿ ಎಕ್ಸ್-ರೇ ಮೂಲಕ ಸಾಮೂಹಿಕವಾಗಿ ರೋಗಿಗಳನ್ನು ಹುಡುಕುವ ಕ್ರಮವನ್ನು ಕೈಬಿಡಲು ಸೂಚಿಸಿತು. 1951ರಿಂದ ಸುಮಾರು ಹತ್ತು ವರ್ಷ ಭಾರತದ ಕ್ಷಯ ಕಾರ್ಯಕ್ರಮದಲ್ಲಿ ದುಡಿದ ಡೆನ್ಮಾರ್ಕಿನ ಹಾಫ್ಡನ್ ಮಾಹ್ಲರ್ 1973ರಲ್ಲಿ ಆ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಆಲ್ಮಾ-ಆಟಾ ಸಮ್ಮೇಳನದಲ್ಲಿ ಪ್ರಾಥಮಿಕ ಆರೋಗ್ಯ ಸೇವೆಯನ್ನು ಪ್ರತಿಪಾದಿಸಿದವರಲ್ಲಿ ಅವರೂ ಪ್ರಮುಖರು.

ಆದರೆ ತತ್ವದಷ್ಟು ಸಮರ್ಥವಾಗಿ ಆಚರಣೆ ಸಾಗಲಿಲ್ಲ. ಔಷಧಿ ಪೂರೈಕೆಯ ಕೊರತೆ ಹಾಗೂ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವವರ ಸಂಖ್ಯೆಯಿಂದಾಗಿ 1997ರಲ್ಲಿ ಕಾರ್ಯಕ್ರಮವನ್ನು ಪರಿಷ್ಕರಿಸಬೇಕಾಯಿತು. 2020ರಲ್ಲಿ ಅದು ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮವೆಂಬ ಹೆಸರು ಪಡೆಯಿತು. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರೋಗಲಕ್ಷಣವಿದ್ದವರ ಪೈಕಿ ಸುಮಾರು ಶೇ 64 ಮಂದಿ ಚಿಕಿತ್ಸೆಗೆ ಹೋಗಿರಲಿಲ್ಲ. ಎಕ್ಸ್-ರೇ ಇಲ್ಲದಿದ್ದರೆ ಶೇ 40ಕ್ಕೂ ಹೆಚ್ಚು ರೋಗಿಗಳು ಪತ್ತೆಯಾಗುತ್ತಲೇ ಇರಲಿಲ್ಲ. ಹೀಗಾಗಿ ಕೈಯಲ್ಲಿ ಒಯ್ಯಬಹುದಾದ ಎಕ್ಸ್-ರೇ ಯಂತ್ರಗಳು ಮತ್ತೆ ಹಳ್ಳಿಗಳತ್ತ ಹೊರಟಿವೆ.

ಹಾಗೆಂದು ತುಮಕೂರಿನ ಪಾಠ ಹಳತಾಗಿಲ್ಲ. ಎರಡು ವಾರಕ್ಕೂ ಮೀರಿ ಕೆಮ್ಮುತ್ತಿರುವವರು ತುಮಕೂರು ನಗರದ ಜಿಲ್ಲಾಸ್ಪತ್ರೆಗಾಗಲಿ, ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕು ಆಸ್ಪತ್ರೆಗಾಗಲಿ ಬಂದಾಗ ಕಫ ಪರೀಕ್ಷೆಯೂ ಔಷಧಿಯೂ ಉಚಿತವಾಗಿ ದೊರೆಯಬೇಕೆಂಬ ನಿಯಮದ ಮೂಲ ಆ ಹಳ್ಳಿಗಳ ಸಂದರ್ಶನಗಳಲ್ಲಿದೆ. ಬಂದ ರೋಗಿ ಬರಿಗೈಯಲ್ಲಿ ಮರಳಬಾರದು ಎಂಬುದೇ ಅದರ ಸಾರ.