ಡೀಸೆಲ್ ಕ್ಯಾನು ಮತ್ತು ಬಿಸಿಲು: ಭೂಸನೂರು ಭಾಗದ ಕಬ್ಬಿನ ಕೆಲಸದಲ್ಲಿ ಇಂಧನ ಸುರಕ್ಷತೆ

ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಎನ್‌ಎಸ್‌ಎಲ್ ಸಕ್ಕರೆ ಕಾರ್ಖಾನೆಯಿದೆ. ಹಂಗಾಮು ಶುರುವಾದರೆ ಸುತ್ತಲಿನ ಹಳ್ಳಿಗಳ ಕಬ್ಬು ಟ್ರ್ಯಾಕ್ಟರುಗಳಲ್ಲಿ ಅದರ ಗೇಟಿನತ್ತ ಹೊರಡುತ್ತದೆ. ಡೀಸೆಲ್ಲಿಗಾಗಿ ಹೊಲ ಬಿಟ್ಟು ಬಂಕಿಗೆ ಓಡಾಡುವುದು ಗಿಟ್ಟದ ಮಾತು. ಆದ್ದರಿಂದ ಡೀಸೆಲ್ಲೇ ಹೊಲಕ್ಕೆ ಬರುತ್ತದೆ, ಬರುವುದು ಹೆಚ್ಚಾಗಿ ಅಡುಗೆ ಎಣ್ಣೆಯದೋ ಎಂಜಿನ್ ಆಯಿಲಿನದೋ ಖಾಲಿ ಪ್ಲಾಸ್ಟಿಕ್ ಕ್ಯಾನಿನಲ್ಲಿ. ತೊಗರಿಗೆ ಔಷಧ ಹೊಡೆಯುವ ಪವರ್ ಸ್ಪ್ರೇಯರಿಗೆ ಪೆಟ್ರೋಲ್ ಬರುವುದೂ ಇಂಥದ್ದೇ ಕ್ಯಾನಿನಲ್ಲಿ.

ಪೆಟ್ರೋಲಿಗೆ ಹೆದರುವ ಕೈ ಡೀಸೆಲ್ಲಿಗೆ ಹೆದರುವುದಿಲ್ಲ. ಈ ಸಲಿಗೆಗೆ ಆಧಾರವಿಲ್ಲವೆಂದಲ್ಲ. ಬೆಂಕಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಪೆಟ್ರೋಲಿನಿಂದ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಏಳುತ್ತದೆ. ಡೀಸೆಲ್ಲಿಗೆ ಅದಕ್ಕಿಂತ ಬಹಳ ಹೆಚ್ಚು ಬಿಸಿ ಬೇಕು. ಈ ಉಷ್ಣಾಂಶವೇ ಜ್ವಲನಬಿಂದು. ಎಷ್ಟು ಬಿಸಿ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಿಲ್ಲ. ಭಾರತೀಯ ಮಾನಕ ಐಎಸ್ 1460 ಡೀಸೆಲ್ಲಿಗೆ ನಿಗದಿ ಮಾಡಿರುವ ಕನಿಷ್ಠ ಜ್ವಲನಬಿಂದು 35 ಡಿಗ್ರಿ, ಸೀಮೆಎಣ್ಣೆಗೂ ಅಷ್ಟೇ. ಯುರೋಪಿನ ಇಎನ್ 590 ಮಾನಕದಲ್ಲಿ ಅದು 55 ಡಿಗ್ರಿಗಿಂತ ಮೇಲಿರಬೇಕು. ಬಂಕಿಗೆ ಬರುವ ಡೀಸೆಲ್ ಕನಿಷ್ಠಕ್ಕಿಂತ ಮೇಲೆಯೇ ಇರಬಹುದು. ಆದರೆ ಸುರಕ್ಷತೆಯ ಲೆಕ್ಕ ಹಾಕಬೇಕಾದದ್ದು ಕನಿಷ್ಠವನ್ನು ಹಿಡಿದು. ಕಲಬುರಗಿ ಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಸಾಮಾನ್ಯ. ಟ್ರೇಲರಿನ ಕಬ್ಬಿಣದ ಹಲಗೆಯ ಮೇಲೆ ಬಿಸಿಲು ಕುಡಿಯುತ್ತ ಕುಳಿತ ಕ್ಯಾನು ಗಾಳಿಗಿಂತಲೂ ಬಿಸಿಯಾಗುತ್ತದೆ. ತಂಪು ದೇಶಗಳ ಕೈಪಿಡಿಗಳಲ್ಲಿ ಡೀಸೆಲ್ಲಿಗೆ ಸಿಗುವ ರಿಯಾಯಿತಿ ಇಲ್ಲಿ ಸಲ್ಲುವುದಿಲ್ಲ ಎಂಬುದೇ ಈ ಲೇಖನದ ವಾದ.

ಕ್ಯಾನಿನ ಒಳಗೆ ನಡೆಯುವುದನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಪೆಟ್ರೋಲ್ ಆವಿ ಹೊತ್ತಿಕೊಳ್ಳುವುದು ಗಾಳಿಯಲ್ಲಿ ಸುಮಾರು 1.4ರಿಂದ 7.6 ಪ್ರತಿಶತದಷ್ಟು ಬೆರೆತಾಗ. ಮುಚ್ಚಿದ, ತುಂಬಿದ ಕ್ಯಾನಿನಲ್ಲಿ ಆವಿ ಈ ಮಿತಿಯನ್ನು ಮೀರಿ ದಟ್ಟವಾಗಿರುವುದರಿಂದ ಒಳಗೆ ಉರಿಯಲು ಗಾಳಿ ಸಾಲದು. ಅಪಾಯವಿರುವುದು ಬಾಯಿಯ ಹತ್ತಿರ, ಇಲ್ಲವೇ ತಳದಲ್ಲಿ ಚೂರುಪಾರು ಉಳಿದ ಹಳೆಯ ಕ್ಯಾನಿನಲ್ಲಿ. ಡೀಸೆಲ್ಲಿನದು ಬೇರೆ ಲೆಕ್ಕ. ಜ್ವಲನಬಿಂದುವನ್ನು ಸ್ವಲ್ಪವೇ ದಾಟಿದ ಡೀಸೆಲ್ಲಿನ ಮೇಲೆ ನಿಂತ ಆವಿ ಸರಿಯಾಗಿ ಹೊತ್ತುವ ಪ್ರಮಾಣದಲ್ಲೇ ಇರುತ್ತದೆ. ಪೆಟ್ರೋಲ್ ತಂದ ಕ್ಯಾನಿಗೇ ಡೀಸೆಲ್ ಸುರಿದರೆ ಫಲ ಇನ್ನೂ ಕೆಟ್ಟದ್ದು: ಡೀಸೆಲ್ ಉಳಿದ ಪೆಟ್ರೋಲ್ ಆವಿಯನ್ನು ಹೀರಿಕೊಳ್ಳುತ್ತದೆ, ಹೊರಗಿನ ಗಾಳಿ ಒಳಸೇರುತ್ತದೆ, ಮಿಶ್ರಣ ಹದಕ್ಕೆ ಬರುತ್ತದೆ. ಟ್ಯಾಂಕರ್ ತುಂಬುವವರು ಇದನ್ನು ಬಲ್ಲರು. ಕ್ಯಾನು ಹಿಡಿದವರಿಗೆ ಯಾರೂ ಹೇಳಿಲ್ಲ.

ಇನ್ನು ಕಿಡಿಯ ಮಾತು. ಹೊಲದಲ್ಲಿ ಬೀಡಿಯಿದೆ, ಬಿಸಿ ಸೈಲೆನ್ಸರ್ ಇದೆ, ಒಣಗಿದ ರವದಿಯಿದೆ. ಇವು ಕಣ್ಣಿಗೆ ಕಾಣುವಂಥವು. ಕಾಣದಿರುವುದು ಸ್ಥಾಯಿ ವಿದ್ಯುತ್ತು. ಇಂಧನ ಪೈಪಿನಲ್ಲಿ ಹರಿದು ಬೀಳುವಾಗ ಹುಟ್ಟುವ ಈ ವಿದ್ಯುತ್ತಿಗೆ ಪ್ಲಾಸ್ಟಿಕ್ ಕ್ಯಾನಿನಿಂದ ನೆಲಕ್ಕಿಳಿಯುವ ದಾರಿಯಿಲ್ಲ. ಪಿಕಪ್ ವಾಹನದ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟೇ ಕ್ಯಾನು ತುಂಬಿಸಿದಾಗ ಬೆಂಕಿ ಹೊತ್ತಿದ ಘಟನೆಗಳನ್ನು ಗಮನಿಸಿ ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ನಿಯೋಶ್ 1998ರಲ್ಲಿ ಎಚ್ಚರಿಕೆ ಹೊರಡಿಸಿತು: ಕ್ಯಾನನ್ನು ವಾಹನದಿಂದ ಇಳಿಸಿ ನೆಲದ ಮೇಲಿಡಿ, ನಾಝಲ್ ಬಾಯಂಚಿಗೆ ತಾಗಿರಲಿ. ನಮ್ಮಲ್ಲಿ ಕ್ಯಾನನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡೇ ತುಂಬಿಸುತ್ತಾರೆ.

ಕಾನೂನು ಏನೂ ಹೇಳಿಲ್ಲವೆಂದಲ್ಲ. 1934ರ ಪೆಟ್ರೋಲಿಯಂ ಕಾಯ್ದೆ ಜ್ವಲನಬಿಂದು 23 ಡಿಗ್ರಿಗಿಂತ ಕೆಳಗಿರುವುದನ್ನು ‘ಎ’ ವರ್ಗಕ್ಕೂ, 23ರಿಂದ 65ರೊಳಗಿನದನ್ನು ‘ಬಿ’ ವರ್ಗಕ್ಕೂ ಸೇರಿಸುತ್ತದೆ. ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರ್‌ವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಆದರೆ ಗಾಜು ಅಥವಾ ಪಿಂಗಾಣಿ ಪಾತ್ರೆಯಾದರೆ 1 ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ಪ್ಲಾಸ್ಟಿಕ್ಕಿನ ಹೆಸರೇ ಆ ಕಲಮಿನಲ್ಲಿಲ್ಲ. ‘ಬಿ’ ವರ್ಗದ ಡೀಸೆಲ್ಲಿಗೆ ಮಿತಿ 2500 ಲೀಟರ್. ಈ ಸಡಿಲಿಕೆ ಸಂಗ್ರಹದ ಪರವಾನಗಿಗೆ ಸಂಬಂಧಿಸಿದ್ದು, ಸುರಕ್ಷತೆಯ ಪ್ರಮಾಣಪತ್ರವಲ್ಲ. ಹೊಲದಲ್ಲಿ ಓದಿಕೊಂಡಿರುವುದು ಮಾತ್ರ ಪ್ರಮಾಣಪತ್ರವೆಂದೇ.

ಒಳ್ಳೆಯ ಕ್ಯಾನಿನ ಮಾದರಿ ಹೊಸದಾಗಿ ಹುಡುಕಬೇಕಿಲ್ಲ. ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಮುಚ್ಚಳ, ಜ್ವಾಲೆ ಒಳನುಗ್ಗದಂತೆ ತಡೆಯುವ ಜಾಲರಿ, ಒತ್ತಡ ಹೆಚ್ಚಾದರೆ ಬಿಡುವ ವ್ಯವಸ್ಥೆ, ಸುಮಾರು 19 ಲೀಟರಿನ ಮಿತಿ ಇರುವ ಲೋಹದ ಸೇಫ್ಟಿ ಕ್ಯಾನು ಅಮೆರಿಕದ ಕಾರ್ಖಾನೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಅದರ ಬೆಲೆ ಟ್ರ್ಯಾಕ್ಟರ್ ಚಾಲಕನ ಕೈಗೆ ಎಟುಕದು ಎಂಬ ಆಕ್ಷೇಪ ನಿಜ. ಆದರೆ ಬಿಗಿ ಮುಚ್ಚಳದ 20 ಲೀಟರಿನ ತಗಡಿನ ಕ್ಯಾನು ಎಟುಕುತ್ತದೆ. ಪೆಟ್ರೋಲಿಗೆ ಕೆಂಪು, ಡೀಸೆಲ್ಲಿಗೆ ಬೇರೆ ಬಣ್ಣ, ಮೇಲೆ ಕೊಂಚ ಜಾಗ ಬಿಟ್ಟು ತುಂಬುವುದು, ಗೋಣಿಚೀಲದ ನೆರಳು, ಎಂಜಿನ್ ಆರಿಸಿ, ತಣಿದ ಮೇಲೆ ಲೋಹದ ಲಾಳಿಕೆಯಿಂದ ಸುರಿಯುವುದು. ಇದಕ್ಕೆ ದೊಡ್ಡ ಖರ್ಚಿಲ್ಲ.

ಯಾರು ಹೇಳಬೇಕು ಎಂಬುದು ಕಷ್ಟದ ಪ್ರಶ್ನೆ. 1948ರ ಕಾರ್ಖಾನೆ ಕಾಯ್ದೆಯಿಂದ ಬೆಳೆದು ಬಂದ ಸುರಕ್ಷತಾ ಶಿಸ್ತು ಗೇಟಿನೊಳಗಿನದು. ಕಟಾವಿನ ಗ್ಯಾಂಗು, ಬಾಡಿಗೆ ಟ್ರ್ಯಾಕ್ಟರು, ಅದರ ಕ್ಯಾನು ಎಲ್ಲ ಹೊರಗೆ. ಹೀಗಿದ್ದರೂ ಎರಡನ್ನೂ ಜೋಡಿಸುವ ಕಾಗದವೊಂದು ಸಕ್ಕರೆ ಕಾರ್ಖಾನೆಗಳಲ್ಲಿ ರೂಢಿಯಲ್ಲಿದೆ: ಹಂಗಾಮಿಗೆ ಮೊದಲು ಆಗುವ ಕಟಾವು ಮತ್ತು ಸಾಗಣೆಯ ಕರಾರು. ಮುಂಗಡ ಕೊಡುವಾಗಲೇ ಗಾಡಿಗೊಂದು ತಗಡಿನ ಕ್ಯಾನನ್ನೂ ಕೊಟ್ಟು, ಪ್ಲಾಸ್ಟಿಕ್ ಕ್ಯಾನಿಟ್ಟ ಟ್ರ್ಯಾಕ್ಟರನ್ನು ಯಾರ್ಡಿನ ಸಾಲಿಗೆ ಬಿಡುವುದಿಲ್ಲವೆಂಬ ಒಂದು ಷರತ್ತನ್ನು ಆ ಕರಾರಿನಲ್ಲಿ ಬರೆಯಬಹುದು.