ದೀಪ, ಕಾವ್ಯ, ಸಂಗೀತ ಮತ್ತು ಓದು: ದೆಹಲಿಯಿಂದ ಗುಲ್ಬರ್ಗಕ್ಕೆ ಬಂದ ಬೆಳಕು

ಪವಿತ್ರ ಕುರ್‌ಆನಿನ 24ನೇ ಅಧ್ಯಾಯದ ಹೆಸರು ‘ಅನ್ನೂರ್’, ಅಂದರೆ ಬೆಳಕು. ಅದರ 35ನೇ ಸೂಕ್ತವು ಅಲ್ಲಾಹನ ಬೆಳಕನ್ನು ಗೋಡೆಯ ಗೂಡಿನಲ್ಲಿಟ್ಟ ದೀಪಕ್ಕೆ ಹೋಲಿಸುತ್ತದೆ. ಆ ದೀಪದ ಸುತ್ತ ಗಾಜು ಇದೆ, ಉರಿಯಲು ಆಲಿವ್ ಎಣ್ಣೆ ಇದೆ. ಈ ಒಂದೇ ಸೂಕ್ತವನ್ನು ಕುರಿತು ಇಮಾಮ್ ಗಝ್ಝಾಲಿ (ರ) ‘ಮಿಶ್ಕಾತುಲ್ ಅನ್ವಾರ್’ ಎಂಬ ಗ್ರಂಥವನ್ನೇ ಬರೆದರು. ಇನ್ನೊಂದೆಡೆ, ಪ್ರವಾದಿ ಮುಹಮ್ಮದ್ (ಸ) ಅವರಿಗೆ ಅವತೀರ್ಣವಾದ ಮೊಟ್ಟಮೊದಲ ಆಜ್ಞೆ ಓದಿಗೆ ಸಂಬಂಧಿಸಿದ್ದು. ಅದರ ಬೆನ್ನಲ್ಲೇ ಲೇಖನಿಯ ಪ್ರಸ್ತಾಪವೂ ಬರುತ್ತದೆ. ಹೀಗೆ ಬೆಳಕು ಮತ್ತು ಓದು ನಮ್ಮ ಪರಂಪರೆಯಲ್ಲಿ ಆರಂಭದಿಂದಲೂ ಜೊತೆಜೊತೆಯಾಗಿಯೇ ಬಂದಿವೆ.

ಆದರೆ ಸೂಫಿಗಳ ಹೆಸರು ಕೇಳಿದೊಡನೆ ನಮ್ಮ ಕಣ್ಮುಂದೆ ಬರುವುದು ದರ್ಗಾದ ದೀಪ, ಖವ್ವಾಲಿ ಮತ್ತು ಕಾವ್ಯ. ಓದು ಮಾತ್ರ ನೆನಪಾಗುವುದಿಲ್ಲ. ಪುಸ್ತಕ ಮದ್ರಸದವರದ್ದು, ಹಾಡು ಸೂಫಿಗಳದ್ದು ಎಂಬ ಭಾವನೆ ಹಲವರಲ್ಲಿದೆ. ಇದು ಎಷ್ಟರ ಮಟ್ಟಿಗೆ ಸರಿ? ದೆಹಲಿಯಿಂದ ನಮ್ಮ ಗುಲ್ಬರ್ಗದವರೆಗೆ ಹರಿದುಬಂದ ಚಿಶ್ತಿ ಪರಂಪರೆಯ ಇತಿಹಾಸವನ್ನು ಸ್ವಲ್ಪ ನೋಡಿದರೆ ಉತ್ತರ ಸಿಗುತ್ತದೆ.

ಬಡತನದಲ್ಲಿ ಓದಿದ ಬಾಲಕ

ಹಝ್ರತ್ ನಿಝಾಮುದ್ದೀನ್ ಔಲಿಯಾ (ರ) ಬದಾಯೂನಿನಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಅವರನ್ನು ಸಾಕಿ ಓದಿಸಿದವರು ತಾಯಿ ಬೀಬಿ ಝುಲೈಖಾ. ಮನೆಯಲ್ಲಿ ಒಲೆ ಹೊತ್ತದ ದಿನ, ಇಂದು ನಾವು ಅಲ್ಲಾಹನ ಅತಿಥಿಗಳು ಎಂದು ಆಕೆ ಮಗನಿಗೆ ಸಮಾಧಾನ ಹೇಳುತ್ತಿದ್ದರಂತೆ. ಅಂತಹ ಸ್ಥಿತಿಯಲ್ಲೂ ಮಗನ ಓದನ್ನು ಆಕೆ ನಿಲ್ಲಿಸಲಿಲ್ಲ. ದೆಹಲಿಯಲ್ಲಿ ಕಲಿಯುವಾಗ ಅವರ ವಾದದ ಚತುರತೆಯನ್ನು ಕಂಡ ಸಹಪಾಠಿಗಳು ‘ನಿಝಾಮುದ್ದೀನ್ ಬಹ್ಹಾಸ್’, ಅಂದರೆ ವಾದಪಟು ನಿಝಾಮುದ್ದೀನ್ ಎಂದೇ ಕರೆಯತೊಡಗಿದರು.

ಸುಮಾರು ಇಪ್ಪತ್ತರ ಹರೆಯದಲ್ಲಿ ಅವರು ಅಜೋಧನಕ್ಕೆ (ಇಂದಿನ ಪಾಕಿಸ್ತಾನದ ಪಾಕ್‌ಪಟ್ಟಣ) ಹೋಗಿ ಬಾಬಾ ಫರೀದ್ (ರ) ಅವರ ಶಿಷ್ಯರಾದರು. ಅಲ್ಲಿ ಗುರುಗಳು ಕೊಟ್ಟದ್ದು ಬರೀ ಆಶೀರ್ವಾದವಲ್ಲ. ಕುರ್‌ಆನಿನ ಕೆಲವು ಭಾಗಗಳನ್ನೂ ‘ಅವಾರಿಫುಲ್ ಮಆರಿಫ್’ ಗ್ರಂಥದ ಅಧ್ಯಾಯಗಳನ್ನೂ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದರು. ಖಾನ್‌ಖಾಹ್ ಎಂದರೆ ಪಾಠಶಾಲೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮುಂದೆ ದೆಹಲಿಯ ಘಿಯಾಸ್‌ಪುರದಲ್ಲಿ ಅವರು ನೆಲೆಸಿದಾಗ ಬಡವ ಬಲ್ಲಿದರೆನ್ನದೆ ಜನ ಬಂದು ಸೇರಿದರು. ಕವಿ ಅಮೀರ್ ಖುಸ್ರೋ (1253-1325) ಇಶಾ ನಮಾಝಿನ ನಂತರ ಗುರುಗಳ ಕೋಣೆಗೆ ಹೋಗಿ ಮಾತನಾಡುವ ಸಲಿಗೆ ಪಡೆದಿದ್ದರು. ಇನ್ನೊಬ್ಬ ಶಿಷ್ಯ, ಕವಿ ಅಮೀರ್ ಹಸನ್ ಸಿಜ್ಝಿ, 1308ರಿಂದ 1322ರವರೆಗೆ ಗುರುಗಳ ಮಾತುಗಳನ್ನು ಬರೆದಿಟ್ಟರು. 188 ಸಭೆಗಳ ಆ ದಾಖಲೆಯೇ ‘ಫವಾಇದುಲ್ ಫುಆದ್’. ಆರಂಭದಲ್ಲಿ ಹಸನ್ ಯಾರಿಗೂ ಹೇಳದೆ ಬರೆಯುತ್ತಿದ್ದರು. ವಿಷಯ ತಿಳಿಸಿದಾಗ ಗುರುಗಳು ಗದರಲಿಲ್ಲ. ತಾವೂ ಬಾಬಾ ಫರೀದರ ಮಾತುಗಳನ್ನು ಹೀಗೆಯೇ ಬರೆದಿಟ್ಟುಕೊಂಡದ್ದನ್ನು ನೆನಪಿಸಿಕೊಂಡರು.

ಆ ಕಾಲದ ಇತಿಹಾಸಕಾರ ಝಿಯಾವುದ್ದೀನ್ ಬರನಿ ಒಂದು ಸ್ವಾರಸ್ಯಕರ ಸಂಗತಿಯನ್ನು ದಾಖಲಿಸಿದ್ದಾರೆ. ಹಝ್ರತರ ಪ್ರಭಾವದಿಂದ ದೆಹಲಿಯ ಪುಸ್ತಕದಂಗಡಿಗಳಲ್ಲಿ ಆಧ್ಯಾತ್ಮಿಕ ಗ್ರಂಥಗಳಿಗೆ ಬೇಡಿಕೆ ಹೆಚ್ಚಿತು. ಜೊತೆಗೆ ವುಝೂ ಮಾಡುವ ತಂಬಿಗೆಗಳ ಬೆಲೆಯೂ ಏರಿತಂತೆ! ಒಬ್ಬ ಸಂತನ ಪ್ರಭಾವವನ್ನು ಅಳೆಯಲು ಪುಸ್ತಕದಂಗಡಿಗಿಂತ ಒಳ್ಳೆಯ ಸಾಕ್ಷಿ ಬೇರೇನು ಬೇಕು?

ಸಂಗೀತದ ಬಗ್ಗೆ ನಡೆದ ಚರ್ಚೆ

ಚಿಶ್ತಿಗಳು ‘ಸಮಾ’, ಅಂದರೆ ಭಕ್ತಿಗೀತೆಯ ಆಲಿಕೆಯನ್ನು ಒಪ್ಪಿಕೊಂಡಿದ್ದರು. ಹಾಗೆಂದು ಅದು ಕಟ್ಟುಪಾಡಿಲ್ಲದ ಮನರಂಜನೆಯಾಗಿರಲಿಲ್ಲ. ಹಾಡುವವನು ಪ್ರೌಢನಾಗಿರಬೇಕು, ಕೇಳುವವನ ಮನಸ್ಸು ಅಲ್ಲಾಹನ ಸ್ಮರಣೆಯಲ್ಲಿರಬೇಕು, ಹಾಡಿನಲ್ಲಿ ಅಶ್ಲೀಲ ಇರಬಾರದು, ವಾದ್ಯಗಳು ಸಲ್ಲವು ಎಂದು ನಾಲ್ಕು ನಿಯಮಗಳನ್ನು ಹಝ್ರತ್ ನಿಝಾಮುದ್ದೀನ್ ವಿವರಿಸಿದ್ದರು.

ಆದರೂ ಉಲೇಮಾಗಳಲ್ಲಿ ಅನೇಕರು ಇದನ್ನು ವಿರೋಧಿಸಿದರು. ಘಿಯಾಸುದ್ದೀನ್ ತುಘ್ಲಕ್‌ನ ಆಳ್ವಿಕೆಯಲ್ಲಿ (1320-1325) ಸುಲ್ತಾನನ ಸಮ್ಮುಖದಲ್ಲೇ ಈ ವಿಷಯದ ಮೇಲೆ ಚರ್ಚಾಸಭೆ ನಡೆಯಿತು. ವೃದ್ಧರಾಗಿದ್ದ ಹಝ್ರತರು ಸ್ವತಃ ಹಾಜರಾಗಿ ಹದೀಸ್‌ಗಳ ಆಧಾರದಿಂದ ಉತ್ತರಿಸಿದರು. ಕೊನೆಗೆ ಸುಲ್ತಾನ ಸಮಾವನ್ನು ನಿಷೇಧಿಸಲಿಲ್ಲ. ಸಂಗೀತವನ್ನು ಉಳಿಸಿಕೊಳ್ಳಲು ಅವರಿಗೆ ನೆರವಾದದ್ದು ಪವಾಡವಲ್ಲ, ವಿದ್ಯೆ ಎಂಬುದು ಗಮನಾರ್ಹ.

ಇದರ ಇನ್ನೊಂದು ಮುಖವೂ ಇದೆ. ಅವರ ಉತ್ತರಾಧಿಕಾರಿ ಹಝ್ರತ್ ನಸೀರುದ್ದೀನ್ (ರ) ಒಮ್ಮೆ ಸಭೆಯಲ್ಲಿ ದಫ್ ಬಾರಿಸತೊಡಗಿದಾಗ ಎದ್ದು ಹೊರಟರು. ಗುರುಗಳ ದಾರಿಯನ್ನು ಬಿಟ್ಟಿರಾ ಎಂದು ಗೆಳೆಯರು ಕೇಳಿದ್ದಕ್ಕೆ, ಗುರುವಿನ ನಡತೆ ಪ್ರಮಾಣವಲ್ಲ, ಕುರ್‌ಆನ್ ಮತ್ತು ಹದೀಸ್ ಪ್ರಮಾಣ ಎಂದು ಉತ್ತರಿಸಿದರು. ದೂರು ಗುರುಗಳವರೆಗೆ ಹೋದಾಗ ಅವರು ಶಿಷ್ಯನ ಮಾತೇ ಸರಿ ಎಂದರೆಂದು ಗ್ರಂಥಗಳು ಹೇಳುತ್ತವೆ. ಓದಿ ತಿಳಿದ ಶಿಷ್ಯ ಭಿನ್ನಾಭಿಪ್ರಾಯ ತಾಳಿದರೆ ಅದನ್ನು ಗೌರವಿಸುವ ಹೃದಯ ಅಂದಿನ ಗುರುಗಳಿಗಿತ್ತು.

‘ಮೊದಲು ಪಾಠ ಮುಗಿಸು’

ಈ ನಸೀರುದ್ದೀನರೇ ‘ಚಿರಾಗ್ ದೆಹ್ಲವಿ’, ದೆಹಲಿಯ ದೀಪ ಎಂದು ಪ್ರಸಿದ್ಧರಾದವರು. ಈ ಬಿರುದಿನ ಬಗ್ಗೆ ಹಲವು ಐತಿಹ್ಯಗಳಿವೆ. ಘಿಯಾಸ್‌ಪುರದಲ್ಲಿ ಬಾವಿ ತೋಡುವ ರಾತ್ರಿ ಕೆಲಸಕ್ಕೆ ದೀಪದ ಎಣ್ಣೆ ಸಿಗದಂತೆ ಸುಲ್ತಾನ ತಡೆದಾಗ, ಬಾವಿಯ ನೀರೇ ಎಣ್ಣೆಯಂತೆ ಉರಿಯಿತೆಂಬ ಕಥೆ ಜನಜನಿತ. ಕಥೆ ಹೇಗೇ ಇರಲಿ, ಈ ದೀಪಕ್ಕೆ ನಿಜವಾದ ಎಣ್ಣೆ ಯಾವುದಾಗಿತ್ತು ಎಂಬುದನ್ನು ಎರಡು ಪ್ರಸಂಗಗಳು ತಿಳಿಸುತ್ತವೆ.

ಮೊದಲನೆಯದು ಬಂಗಾಳದ ಅಖೀ ಸಿರಾಜ್ ಅವರದ್ದು. ಎಳೆಯ ವಯಸ್ಸಿನಲ್ಲೇ ಹಝ್ರತ್ ನಿಝಾಮುದ್ದೀನರ ಸೇವೆಗೆ ಬಂದ ಇವರು ಭಕ್ತಿಯಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಖಲೀಫರನ್ನು ನೇಮಿಸುವ ಸಂದರ್ಭದಲ್ಲಿ ಇವರ ಹೆಸರು ಬಂದಾಗ, ಈ ದಾರಿಯ ಮೊದಲ ಮೆಟ್ಟಿಲೇ ವಿದ್ಯೆ, ಅದು ಇವರಲ್ಲಿಲ್ಲ ಎಂದು ಗುರುಗಳು ತಡೆದರು. ಆಗ ಮೌಲಾನಾ ಫಖ್ರುದ್ದೀನ್ ಝರ್ರಾದಿ ಆರು ತಿಂಗಳಲ್ಲಿ ಕಲಿಸುವ ಹೊಣೆ ಹೊತ್ತರು. ಈ ವಯಸ್ಕ ವಿದ್ಯಾರ್ಥಿಗೆಂದೇ ಒಂದು ವ್ಯಾಕರಣ ಪುಸ್ತಕವನ್ನೂ ಬರೆದರು. ಕಲಿತು ತಾಯ್ನಾಡಿಗೆ ಮರಳಿದಾಗ ಅಖೀ ಸಿರಾಜ್ ಒಯ್ದದ್ದು ಗುರುಗಳ ಗ್ರಂಥಾಲಯದ ಕೆಲವು ಪುಸ್ತಕಗಳನ್ನು.

ಎರಡನೆಯದು ನಮ್ಮವರೇ ಆದ ಹಝ್ರತ್ ಖಾಜಾ ಬಂದೇ ನವಾಝ್ ಗೇಸೂದರಾಝ್ (ರ) ಅವರದ್ದು. 1321ರಲ್ಲಿ ದೆಹಲಿಯಲ್ಲಿ ಜನಿಸಿದ ಸಯ್ಯಿದ್ ಮುಹಮ್ಮದ್ ಹುಸೈನಿ, ಮುಹಮ್ಮದ್ ಬಿನ್ ತುಘ್ಲಕ್‌ನ ಕಾಲದಲ್ಲಿ ತಂದೆತಾಯಿಯೊಂದಿಗೆ ದೌಲತಾಬಾದಿಗೆ ಬಂದು, ತಂದೆಯನ್ನು ಅಲ್ಲೇ ಕಳೆದುಕೊಂಡು ದೆಹಲಿಗೆ ಮರಳಿದರು. ಚಿರಾಗ್ ದೆಹ್ಲವಿಯವರ ಶಿಷ್ಯರಾದ ಮೇಲೆ ಪ್ರಾರ್ಥನೆ ಧ್ಯಾನಗಳಲ್ಲಿ ಎಷ್ಟು ಮುಳುಗಿದರೆಂದರೆ, ಮದ್ರಸದ ಓದನ್ನು ಬಿಟ್ಟುಬಿಡಲು ಅನುಮತಿ ಕೇಳಿದರು. ಗುರುಗಳು ಒಪ್ಪಲಿಲ್ಲ; ಓದು ಪೂರ್ತಿ ಮಾಡು ಎಂದರು. ಶಿಷ್ಯ ಕಾಝಿ ಅಬ್ದುಲ್ ಮುಕ್ತದಿರ್ ಮುಂತಾದ ವಿದ್ವಾಂಸರ ಬಳಿ ಕಲಿತು ಮುಗಿಸಿದರು.

ಧ್ಯಾನಕ್ಕಾಗಿ ಓದು ಬಿಡುತ್ತೇನೆಂದ ಶಿಷ್ಯನಿಗೆ ಬೇಡವೆಂದವರು ಬೇರಾರೂ ಅಲ್ಲ, ಸ್ವತಃ ‘ದೆಹಲಿಯ ದೀಪ’!

ಗುಲ್ಬರ್ಗದ ಮಣ್ಣಿನಲ್ಲಿ

1398ರಲ್ಲಿ ತೈಮೂರ್ ದೆಹಲಿಯ ಮೇಲೆ ದಾಳಿ ಮಾಡಿದಾಗ, ಎಪ್ಪತ್ತೇಳರ ವೃದ್ಧಾಪ್ಯದಲ್ಲಿ ಗೇಸೂದರಾಝ್ ದೆಹಲಿ ಬಿಟ್ಟರು. ಗುಜರಾತ್, ದೌಲತಾಬಾದ್ ಮಾರ್ಗವಾಗಿ ಸುಮಾರು 1400ರ ಹೊತ್ತಿಗೆ ಬಹಮನಿ ಸುಲ್ತಾನ ಫಿರೋಝ್ ಷಾನ ಗುಲ್ಬರ್ಗ ತಲುಪಿದರು. ಆ ವಯಸ್ಸಿನಲ್ಲಿ ವಿಶ್ರಾಂತಿ ಪಡೆಯುವುದು ಸಹಜವಾಗಿತ್ತು. ಆದರೆ 1422ರಲ್ಲಿ ಇಹಲೋಕ ತ್ಯಜಿಸುವವರೆಗೂ ಅವರು ಇಲ್ಲಿ ಪಾಠ ಹೇಳಿದರು, ಅರಬ್ಬಿ ಪಾರ್ಸಿ ಭಾಷೆಗಳಲ್ಲಿ ಗ್ರಂಥ ರಚಿಸಿದರು, ಸಮಾ ಸಭೆಗಳನ್ನೂ ನಡೆಸಿದರು. ಅವರ ಮಾತುಗಳನ್ನು ಮಗ ಸಯ್ಯಿದ್ ಅಕ್ಬರ್ ಹುಸೈನಿ ‘ಜವಾಮಿಉಲ್ ಕಲಿಮ್’ ಎಂಬ ಹೆಸರಿನಲ್ಲಿ ಸಂಗ್ರಹಿಸಿದರು.

ದಖನಿ ಗದ್ಯದ ಮೊದಲ ಕೃತಿಯೆಂದು ಹೆಸರಾದ ‘ಮಿಅರಾಜುಲ್ ಆಶಿಕೀನ್’ ಅವರದ್ದೇ ಎಂದು ಬಹುಕಾಲ ನಂಬಲಾಗಿತ್ತು. ಅದು ಅವರದ್ದಲ್ಲ, ನಂತರದ ಕಾಲದ್ದು ಎಂದು ಉರ್ದು ಸಂಶೋಧಕರು ಬಳಿಕ ತೋರಿಸಿದರು. ಇದರಿಂದ ಹಝ್ರತರ ಘನತೆಗೆ ಕುಂದು ಬರಲಿಲ್ಲ. ಪ್ರೀತಿಯಿಂದ ನಂಬಿದ್ದನ್ನೂ ಪರೀಕ್ಷಿಸಿ ಓದಬೇಕೆಂಬುದು ಆ ಪರಂಪರೆಯದ್ದೇ ಪಾಠ.

ಈ ಬೆಳಕು ಮುಂದೆ ಬಿಜಾಪುರಕ್ಕೂ ಹಬ್ಬಿತು. ಆದಿಲ್ ಷಾಹಿ ಸುಲ್ತಾನ ಎರಡನೇ ಇಬ್ರಾಹಿಂ (ಆಳ್ವಿಕೆ 1580-1627) ರಾಗಗಳಿಗೆ ಹೊಂದಿಸಿ ದಖನಿಯಲ್ಲಿ ಬರೆದ ‘ಕಿತಾಬೆ ನೌರಸ್’ನಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಬಂದೇ ನವಾಝರ ಸ್ತುತಿಯೂ ಇದೆ. ಅರಬ್ಬಿ ಪಾರ್ಸಿ ಬಾರದ ಜನಸಾಮಾನ್ಯರಿಗಾಗಿ ಮೀರಾಂಜಿ ಶಂಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಂ ಮೊದಲಾದ ಸೂಫಿಗಳು ದಖನಿಯಲ್ಲೇ ಬರೆದರು. ಅದೇ ಪರಂಪರೆಯಲ್ಲಿ ಹೆಂಗಸರಿಗಾಗಿ ‘ಚಕ್ಕಿನಾಮಾ’ ಎಂಬ ಬೀಸುವ ಪದಗಳೂ, ‘ಚರ್ಖಾನಾಮಾ’ ಎಂಬ ನೂಲುವ ಪದಗಳೂ ಹುಟ್ಟಿದವು. ಬೀಸುಕಲ್ಲಿನ ಹಿಡಿಯನ್ನು ‘ಅಲಿಫ್’ ಅಕ್ಷರಕ್ಕೆ ಹೋಲಿಸುವ ಹಾಡು ಹಾಡುತ್ತಾ, ಮದ್ರಸದ ಹೊಸ್ತಿಲು ಮೆಟ್ಟದ ತಾಯಂದಿರೂ ಅಕ್ಷರದ ಹೆಸರನ್ನು ಕಲಿತರು. ಓದು ಬಾರದವರ ಮನೆಗೆ ಓದನ್ನು ತಲುಪಿಸಲು ಹಾಡು ವಾಹನವಾಯಿತು. ಸಂಗೀತಕ್ಕೆ ಇದಕ್ಕಿಂತ ದೊಡ್ಡ ಸಾರ್ಥಕತೆ ಬೇಕೆ?

ನಮ್ಮ ಪಾಲಿನ ಕೆಲಸ

ಗುಲ್ಬರ್ಗವು 2014ರಿಂದ ಅಧಿಕೃತವಾಗಿ ಕಲಬುರಗಿ ಆಗಿದೆ. ಹಝ್ರತರ ದರ್ಗಾದಲ್ಲಿ ಪ್ರತಿವರ್ಷ ಝುಲ್ ಕಅದ ತಿಂಗಳಿನಲ್ಲಿ ಉರೂಸ್ ನಡೆಯುತ್ತದೆ. ಸಂದಲ್ ಮೆರವಣಿಗೆಯ ನಂತರ ‘ಚಿರಾಗಾನ್’, ಅಂದರೆ ದೀಪಗಳ ದಿನ. ಎಲ್ಲ ಧರ್ಮಗಳ ಸಾವಿರಾರು ಜನ ಸೇರುತ್ತಾರೆ. ಅದೇ ದರ್ಗಾದ ಆಶ್ರಯದಲ್ಲಿ 1958ರಲ್ಲಿ ಖಾಜಾ ಎಜುಕೇಶನ್ ಸೊಸೈಟಿ ಆರಂಭವಾಯಿತು. 2018ರಲ್ಲಿ ಖಾಜಾ ಬಂದಾನವಾಝ್ ವಿಶ್ವವಿದ್ಯಾಲಯವೂ ತಲೆಯೆತ್ತಿತು. ಇವೆರಡೂ ಒಂದೇ ಅಂಗಳದಲ್ಲಿರುವುದು ಆಕಸ್ಮಿಕವಲ್ಲ.

ಸಮಾ ಸರಿಯೇ ತಪ್ಪೇ, ಉರೂಸ್ ಬೇಕೇ ಬೇಡವೇ ಎಂಬ ಬಗ್ಗೆ ಸಮುದಾಯದಲ್ಲಿ ಇಂದಿಗೂ ಭಿನ್ನಾಭಿಪ್ರಾಯಗಳಿವೆ. ಇರಲಿ. ಆದರೆ ಓದಿನ ವಿಷಯದಲ್ಲಿ ನಿಝಾಮುದ್ದೀನರಿಗೂ ಅವರನ್ನು ವಿರೋಧಿಸಿದ ಉಲೇಮಾಗಳಿಗೂ ಭಿನ್ನಾಭಿಪ್ರಾಯವಿರಲಿಲ್ಲ. ನಾವು ಒಂದಾಗಲು ಅದೊಂದು ಜಾಗ ಸಾಕು.

ಪ್ರಿಯ ವಿದ್ಯಾರ್ಥಿಗಳೇ, ಮನೆಯ ಕಷ್ಟಕ್ಕಾಗಿಯೋ, ಸೇವೆಯ ಉತ್ಸಾಹಕ್ಕಾಗಿಯೋ, ಕೆಲವೊಮ್ಮೆ ಭಕ್ತಿಯ ಆವೇಶಕ್ಕಾಗಿಯೋ ಓದನ್ನು ನಡುವೆ ಬಿಡಬೇಕೆಂಬ ಯೋಚನೆ ನಿಮ್ಮಲ್ಲಿ ಬಂದರೆ, ಹಸಿದ ಮನೆಯಲ್ಲೂ ಮಗನನ್ನು ಓದಿಸಿದ ಬೀಬಿ ಝುಲೈಖಾರನ್ನು ನೆನೆಯಿರಿ. ದೊಡ್ಡವರಾದ ಮೇಲೆ ವ್ಯಾಕರಣ ಕಲಿಯಲು ಕುಳಿತ ಅಖೀ ಸಿರಾಜರನ್ನು ನೆನೆಯಿರಿ. ಸಂಘದ ಹಿರಿಯರೇ, ಒಂದು ಮಗುವಿನ ಶುಲ್ಕ ಕಟ್ಟುವುದು, ಒಂದು ಊರಿನ ವಾಚನಾಲಯಕ್ಕೆ ನಾಲ್ಕು ಪುಸ್ತಕ ಕೊಡುವುದು ಕೂಡ ಚಿರಾಗಾನ್ ಹಚ್ಚಿದಂತೆಯೇ. ಉರೂಸಿನ ದೀಪ ಬೆಳಗಾಗುವುದರೊಳಗೆ ಆರುತ್ತದೆ; ಓದಿದ ಮಗು ಹಚ್ಚುವ ದೀಪ ಮುಂದಿನ ತಲೆಮಾರಿಗೂ ಉರಿಯುತ್ತದೆ. ಆ ಬೆಳಕನ್ನು ಅಲ್ಲಾಹನು ನಮ್ಮೆಲ್ಲರ ಮನೆಗಳಿಗೂ ಕರುಣಿಸಲಿ, ಆಮೀನ್.